ತಿಪ್ಪೆ ಉಪ್ಪರಿಗೆ ಹತ್ತಿದ ಬಗೆ

ನಮ್ಮಜ್ಜಿಯ ಮನೆಯಲ್ಲಿ ಕಸದ ಬುಟ್ಟಿ ಎಂಬುದೇ ಇರಲಿಲ್ಲ. ಅಕ್ಕಿ ತೊಳೆದ ನೀರು, ತರಕಾರಿ ಸಿಪ್ಪೆ, ಮಿಕ್ಕ ಗಂಜಿ ಕಲಗಚ್ಚಿನ ಬಾನಿಗೆ ಹೋಗುತ್ತಿದ್ದವು, ಅಲ್ಲಿಂದ ಎಮ್ಮೆಯ ಹೊಟ್ಟೆಗೆ. ಎಮ್ಮೆ ಮೂಸಿ ಬಿಟ್ಟದ್ದು, ಉಂಡೆದ್ದ ಎಲೆ, ಒಲೆಯ ಬೂದಿ, ಅಂಗಳ ಗುಡಿಸಿದ ದರಗು, ಕೊಟ್ಟಿಗೆಯ ಸಗಣಿ ಎಲ್ಲಕ್ಕೂ ಹಿತ್ತಲಾಚೆಯ ತಿಪ್ಪೆಯೇ ಗತಿ. ಬೇಸಿಗೆಯಲ್ಲಿ ಗಾಡಿ ಕಟ್ಟಿ ಅದನ್ನು ಹೊಲಕ್ಕೆ ಹೊಡೆಯುತ್ತಿದ್ದರು. ದೀಪಾವಳಿಯಲ್ಲಿ ದೇವರ ಮನೆ, ಹೊಸಿಲುಗಳ ಜೊತೆಗೆ ತಿಪ್ಪೆಗೂ ಒಂದು ಹಣತೆ, ಒಂದಿಷ್ಟು ಚೆಂಡು ಹೂವು. ಆ ತಿಪ್ಪೆಗೆ ಬಿದ್ದದ್ದರಲ್ಲಿ ಕೊಳೆಯದ ವಸ್ತು ಯಾವುದೂ ಇರಲಿಲ್ಲ.

ಪೇಟೆಯ ಮನೆಗಳಿಗೆ ಎಮ್ಮೆಯೂ ಇಲ್ಲ, ಹಿತ್ತಲೂ ಇಲ್ಲ. ಅಲ್ಲಿನ ಕಸವನ್ನು ಮಣ್ಣಿಗೆ ಹಿಂದಿರುಗಿಸುವ ದಾರಿಯನ್ನು ಕಂಡುಕೊಂಡವರಲ್ಲಿ ನಮ್ಮ ಬೆಂಗಳೂರಿನವರೂ ಇದ್ದಾರೆ. ಅವರಿಗೂ ಮೊದಲು ಇಂದೋರಿನಲ್ಲಿ ಕೃಷಿ ವಿಜ್ಞಾನಿಗಳಾದ ಆಲ್ಬರ್ಟ್ ಹೊವಾರ್ಡ್ ಮತ್ತು ಯಶವಂತ ವಾಡ್ ರೂಪಿಸಿದ ಕ್ರಮದಲ್ಲಿ ಕಸ, ಸಗಣಿ, ಬೂದಿಗಳನ್ನು ಪದರವಾಗಿ ಒಟ್ಟಿ, ಆಗಾಗ ಮಗುಚಿ ಗಾಳಿಯಾಡಿಸಬೇಕು. ಅವರ ಪುಸ್ತಕ ಬಂದದ್ದು 1931ರಲ್ಲಿ. ಊರಿಡೀ ಬೀಳುವ ಕಸವನ್ನು ಹಾಗೆ ಮಗುಚುತ್ತ ಕೂರಲು ಆಳುಗಳೆಲ್ಲಿ? 1939ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಡಾ. ಸಿ. ಎನ್. ಆಚಾರ್ಯ ಇನ್ನೊಂದು ಉಪಾಯ ಹೂಡಿದರು. ಮೂರಡಿ ಆಳದ ಕಂದಕ ತೋಡಿ ಒಂದು ಪದರ ಊರ ಕಸ, ಒಂದು ಪದರ ಮಲ, ಮತ್ತೆ ಕಸ ಎಂದು ತುಂಬಿಸಿ, ಮೇಲೆ ಮಣ್ಣು ಮುಚ್ಚಿ ಬಿಟ್ಟುಬಿಡುವುದು. ಮಗುಚುವ ಗೋಜಿಲ್ಲ, ನೊಣದ ಕಾಟ ಕಡಿಮೆ; ಆರರಿಂದ ಎಂಟು ತಿಂಗಳಿಗೆ ಗೊಬ್ಬರ. ಗೊಬ್ಬರದ ಪುಸ್ತಕಗಳು ಇಂದಿಗೂ ಇದನ್ನು ‘ಬೆಂಗಳೂರು ಪದ್ಧತಿ’ ಎಂದೇ ಕರೆಯುತ್ತವೆ. ಅವು ಪ್ರತಿ ಪದರದ ದಪ್ಪವನ್ನು ಹೇಳುತ್ತವೆ. ಆ ಮಲವನ್ನು ಮನೆಮನೆಯಿಂದ ಹೊತ್ತು ತಂದವರ ವಿಷಯ ಎತ್ತುವುದಿಲ್ಲ. ಅವರನ್ನು ನೆನೆಯದೆ ಈ ಹೆಸರಿನ ಬಗ್ಗೆ ಹೆಮ್ಮೆಪಡಲು ನನ್ನಿಂದಾಗದು.

ಆ ಕಂದಕಗಳು ಕೆಲಸ ಮಾಡಿದ್ದೂ ಅಜ್ಜಿಯ ತಿಪ್ಪೆ ಕೆಲಸ ಮಾಡಿದ ಕಾರಣಕ್ಕೇ. ಊರ ಕಸದ ಬಹುಪಾಲು ಕೊಳೆಯುವಂಥದ್ದಾಗಿತ್ತು. ಅದನ್ನು ಗೊಬ್ಬರವಾಗಿಸಲೆಂದೇ 1975ರಲ್ಲಿ ಕರ್ನಾಟಕ ಕಾಂಪೋಸ್ಟ್ ಅಭಿವೃದ್ಧಿ ನಿಗಮ ಹುಟ್ಟಿತು. ಆದರೆ ಬರಬರುತ್ತ ಕಸದ ಬಣ್ಣವೇ ಬದಲಾಯಿತು. ಹಾಲಿನ ಪ್ಯಾಕೆಟ್, ಶಾಂಪೂ ಸ್ಯಾಶೆ, ಬ್ಯಾಟರಿ, ಒಡೆದ ಟ್ಯೂಬ್‌ಲೈಟ್ ಎಲ್ಲವೂ ನಿನ್ನೆಯ ಸಾರಿನ ಜೊತೆ ಒಂದೇ ಕವರಿನಲ್ಲಿ. ಹೀಗೆ ಬೆರೆತದ್ದನ್ನು ಯಾವ ಕಂದಕವೂ ಅರಗಿಸಿಕೊಳ್ಳಲಾರದು. ಅದು ಬೆಂಗಳೂರಿನ ಹೊರಗಿನ ಮಾವಳ್ಳಿಪುರದಲ್ಲಿ, ಮಂಡೂರಿನಲ್ಲಿ ಬೆಟ್ಟವಾಗಿ ನಿಂತಿತು. ಆ ಊರವರು ನಾತದಲ್ಲಿ ಉಂಡರು, ಕೆಟ್ಟ ನೀರು ಕುಡಿದರು. ಅವರು ಸಾಕೆಂದು ರಸ್ತೆಗೆ ಅಡ್ಡ ನಿಂತಾಗ, 2012ರಲ್ಲಿ, ನಗರದ ಬೀದಿಬೀದಿಯಲ್ಲೂ ಕಸ ಕೊಳೆಯಿತು. ಹಸಿ ಕಸ ಬೇರೆ, ಒಣ ಕಸ ಬೇರೆ ಎಂಬ ಮಾತು ಮನೆಮನೆಗೆ ಬಂದದ್ದು ಆಗ.

ಅದಕ್ಕೂ ಮೊದಲೇ, 2006ರಲ್ಲಿ, ವಿನ್ಯಾಸಗಾರ್ತಿ ಪೂನಂ ಬೀರ್ ಕಸ್ತೂರಿ ಬೆಂಗಳೂರಿನಲ್ಲಿ ‘ಡೈಲಿ ಡಂಪ್’ ಆರಂಭಿಸಿದ್ದರು. ಒಂದರ ಮೇಲೊಂದು ಕೂರುವ ಮಣ್ಣಿನ ಮಡಕೆಗಳಲ್ಲಿ ಮನೆಯ ಹಸಿ ಕಸವನ್ನು ಗೊಬ್ಬರ ಮಾಡುವ ಏರ್ಪಾಟು. ಮಣ್ಣಿನ ಮೈ ಉಸಿರಾಡುತ್ತದೆ, ಹೆಚ್ಚಾದ ತೇವವನ್ನು ಹೀರುತ್ತದೆ. ‘ಉಪ್ಪರಿಗೆ ಹೋಗಿ ತಿಪ್ಪೆಯಾಯಿತು, ತಿಪ್ಪೆ ಹೋಗಿ ಉಪ್ಪರಿಗೆಯಾಯಿತು’ ಎನ್ನುತ್ತಾರಲ್ಲ, ಈ ಮಡಕೆಗಳಿಂದ ತಿಪ್ಪೆ ನಿಜವಾಗಿಯೂ ಮಾಳಿಗೆ ಹತ್ತಿತು.

ನಮ್ಮ ತಾರಸಿಗೂ ಬಂತು. ಮೊದಲ ಮಳೆಗಾಲದಲ್ಲಿ ಕಲ್ಲಂಗಡಿ ಸಿಪ್ಪೆ, ಅನ್ನ, ಹಣ್ಣಿನ ತಿರುಳು ಎಲ್ಲ ಸುರಿದು ಮುಚ್ಚಿಟ್ಟೆ. ಎಂಟೇ ದಿನಕ್ಕೆ ತಳದಲ್ಲಿ ರಾಡಿ, ಮೂಗು ಬಿಡಲಾಗದ ವಾಸನೆ. ಎಸೆದುಬಿಡೋಣ ಎಂದುಕೊಂಡಾಗ ಮನೆಗೆಲಸಕ್ಕೆ ಬರುವಾಕೆ ಬಗ್ಗಿ ನೋಡಿ, “ಬರೀ ಹಸೀದೇ ಹಾಕಿದ್ದೀರಲ್ಲಮ್ಮ, ದರಗು ಎಲ್ಲಿ? ನಮ್ಮೂರ ತಿಪ್ಪೇಲಿ ಹಿಂಗೆ ಹಾಕ್ತಾರಾ?” ಎಂದಳು. ರಸ್ತೆಬದಿಯ ಹೊಂಗೆ ಮರದ ಕೆಳಗಿಂದ ಒಂದು ಚೀಲ ಒಣ ಎಲೆ ತಂದಳು. ಕೈಯಿಂದಲೇ ಹಿಚುಕಿ ಪುಡಿ ಮಾಡಿ, ಕೋಲಿನಿಂದ ಬುಡಮಟ್ಟ ಕೆದಕಿ ಬೆರೆಸಿದಳು, ಮೇಲೆ ಒಂದು ಲೋಟ ಹುಳಿ ಮಜ್ಜಿಗೆ ಚಿಮುಕಿಸಿದಳು. ವಿಜ್ಞಾನ ಹೇಳುವುದೂ ಇದನ್ನೇ: ಕೊಳೆಸುವ ಸೂಕ್ಷ್ಮಜೀವಿಗಳಿಗೆ 1 ಪಾಲು ಸಾರಜನಕಕ್ಕೆ 25ರಿಂದ 30 ಪಾಲು ಇಂಗಾಲ ಬೇಕು. ಸಾರಜನಕ ಹಸಿ ಸಿಪ್ಪೆಯಲ್ಲಿ ಹೆಚ್ಚು, ಇಂಗಾಲ ಒಣ ಎಲೆಯಲ್ಲಿ. ಜೊತೆಗೆ ಗಾಳಿ ಸಿಕ್ಕರೆ ನಾತವಿಲ್ಲ. ಮೂರನೆಯ ದಿನ ಮಡಕೆಯೊಳಗೆ ಕೈ ಇಟ್ಟರೆ ಬೆಚ್ಚಗಿತ್ತು, ವಾಸನೆ ಹೋಗಿತ್ತು.

ಈಗ ಎರಡು ತಿಂಗಳಿಗೊಮ್ಮೆ ಜರಡಿ ಹಿಡಿಯುತ್ತೇನೆ. ಕೆಳಗೆ ಬೀಳುವ ಕಪ್ಪು ಪುಡಿಗೆ ಹೊಸಮಳೆಯ ಮಣ್ಣಿನ ಪರಿಮಳ. ಜರಡಿಯ ಮೇಲೆ ಉಳಿಯುವುದು ಮಾವಿನ ಓಟೆ, ತೆಂಗಿನ ನಾರು, ಅರ್ಧ ಕರಗಿದ ಮೊಟ್ಟೆ ಚಿಪ್ಪು. ಅವನ್ನು ಮತ್ತೆ ಮೇಲಿನ ಮಡಕೆಗೆ ಹಾಕುತ್ತೇನೆ. ಕಳೆದ ಭಾನುವಾರ ಅವುಗಳ ನಡುವೆ ಸೇಬಿನ ಮೇಲೆ ಅಂಟಿಸಿದ್ದ ಸ್ಟಿಕ್ಕರ್ ಒಂದು ಸಿಕ್ಕಿತು. ಸೇಬು ಮಣ್ಣಾಗಿ ಹೋಗಿತ್ತು. ಸ್ಟಿಕ್ಕರಿನ ಅಕ್ಷರ ಒಂದೂ ಮಾಸಿರಲಿಲ್ಲ. ಅದನ್ನು ಒರೆಸಿ ಒಣ ಕಸದ ಚೀಲಕ್ಕೆ ಹಾಕಿ, ಗೊಬ್ಬರವನ್ನು ಕರಿಬೇವಿನ ಬುಡಕ್ಕೆ ಕೊಟ್ಟೆ.