ಸೈಟು ನೋಡುವ ಮೊದಲು ಹಳ್ಳ ನೋಡಿ

ಕಡೂರು, ತರೀಕೆರೆ, ಅಜ್ಜಂಪುರದ ಕಡೆ ಬೈಕಲ್ಲಿ ಒಂದು ಸುತ್ತು ಹಾಕಿ. ರಾಗಿ ಹೊಲ, ತೆಂಗಿನ ತೋಟಗಳ ನಡುವೆ ಬಣ್ಣ ಬಳಿದ ಸೈಟು ಕಲ್ಲುಗಳು ಕಾಣುತ್ತವೆ. ನಮ್ಮನೆಯಲ್ಲೂ ಅದೇ ಮಾತು: ಅಪ್ಪನಿಗೆ ಊರ ಹತ್ತಿರ ಸೈಟು ಬೇಕು, ಸಾಲ ನನ್ನ ಹೆಸರಲ್ಲಿ. ಖಾತೆ, ಋಣಭಾರ ಪತ್ರ ಎಲ್ಲ ನೋಡ್ತೀವಿ. ಮಳೆ ನೀರು ಎಲ್ಲಿಂದ ಬಂದು ಎಲ್ಲಿಗೆ ಹೋಗುತ್ತೆ ಅಂತ ಕೇಳೋರು ಕಮ್ಮಿ.

ಕೇಳಲೇಬೇಕು. ತರೀಕೆರೆ ಮಲೆನಾಡಿನ ಸೆರಗು, ಅಲ್ಲಿ ಹಳ್ಳದ ನೆನಪು ಜನರಿಗೆ ಇರುತ್ತದೆ. ಕಡೂರು ಬಯಲುಸೀಮೆ. ಎಷ್ಟೋ ವರ್ಷ ಹಳ್ಳ ಒಣಗಿ, ಜಾಲಿ ಬೆಳೆದು, ಖಾಲಿ ಜಾಗದ ಹಾಗೆ ಬಿದ್ದಿರುತ್ತದೆ. ಆದರೆ ಮೇಲ್ಗಡೆ ಬಾಬಾಬುಡನ್‌ಗಿರಿ ಇದೆ. ಅಲ್ಲಿಂದ ಇಳಿಯುವ ವೇದಾ ಅಯ್ಯನಕೆರೆಯ ದಾರಿ ಹಿಡಿದರೆ, ಅವತಿ ಮದಗದ ಕೆರೆಯ ದಾರಿ ಹಿಡಿಯುತ್ತದೆ. ಕಡೂರಿನ ಹತ್ತಿರ ಎರಡೂ ಸೇರಿ ವೇದಾವತಿಯಾಗಿ, ಹಿರಿಯೂರು ಬಳಿಯ ವಾಣಿ ವಿಲಾಸ ಸಾಗರಕ್ಕೆ ಹೋಗುತ್ತವೆ. 1933ರಲ್ಲಿ ಕೋಡಿ ಬಿದ್ದಿದ್ದ ಆ ಜಲಾಶಯ ಮತ್ತೆ ಕೋಡಿ ಬಿದ್ದದ್ದು 2022ರ ಸೆಪ್ಟೆಂಬರಿನಲ್ಲಿ. ಅಂದರೆ 89 ವರ್ಷಕ್ಕೆ! ಅದೇ ತಿಂಗಳು ಬೆಂಗಳೂರಿನಲ್ಲಿ ನಮ್ಮಂಥ ಐಟಿ ಮಂದಿ ಟ್ರ್ಯಾಕ್ಟರ್ ಹತ್ತಿ ಆಫೀಸಿಗೆ ಹೋದರು.

ಸ್ವಲ್ಪ ಲೆಕ್ಕ ಹಾಕೋಣ. 10 ಎಕರೆ ಹೊಲದ ಮೇಲೆ 5 ಸೆಂಟಿಮೀಟರ್ ಮಳೆ ಬಿದ್ದರೆ ಸುಮಾರು 20 ಲಕ್ಷ ಲೀಟರ್ ನೀರು. ಹೊಲವಾಗಿದ್ದಾಗ ಮಣ್ಣು ಕುಡಿಯುತ್ತೆ, ಬದು ತಡೆಯುತ್ತೆ. ಹತ್ತರಲ್ಲಿ ಮೂರು ಪಾಲು ಹಳ್ಳಕ್ಕೆ ಬಂತು ಅಂದುಕೊಳ್ಳಿ. ಅದೇ ಜಾಗ ತಾರಸಿ, ಕಾಂಕ್ರೀಟ್ ರಸ್ತೆ ಆದರೆ ಏಳು ಪಾಲು ಬರಬಹುದು, ಅದೂ ಬೇಗ ಬೇಗ. ಅಂದರೆ ಬಡಾವಣೆ ಆದಮೇಲೆ ಹಳ್ಳ ಇನ್ನೂ ಅಗಲವಾಗಬೇಕು. ನಾವು ಮಾಡೋದು ಉಲ್ಟಾ: ಹಳ್ಳ ಮುಚ್ಚಿ ಪೈಪು ಹಾಕ್ತೀವಿ. 2 ಅಡಿಯ ಎರಡು ಪೈಪು ಸೇರಿದರೆ 4 ಅಡಿಯ ಒಂದಕ್ಕೆ ಸಮ ಅನ್ನಿಸುತ್ತೆ. ಬಾಯಿಯ ವಿಸ್ತೀರ್ಣ ಲೆಕ್ಕ ಹಾಕಿದರೆ ಬರೀ ಅರ್ಧ. ಅದರ ಬಾಯಿಗೆ ಜಾಲಿ ಕೊಂಬೆ, ಪ್ಲಾಸ್ಟಿಕ್ ಸಿಕ್ಕಿಕೊಂಡರೆ ಅದೂ ಇಲ್ಲ.

ಸಾಫ್ಟ್‌ವೇರ್‌ನವರಿಗೆ ಇದು ಹೊಸದಲ್ಲ. ಸರ್ವರ್ ಎಷ್ಟು ಬೇಕು ಅಂತ ಲೆಕ್ಕ ಹಾಕೋದು ಮಾಮೂಲಿ ಮಂಗಳವಾರಕ್ಕಲ್ಲ, ಆಫರ್ ಸೇಲ್ ದಿನಕ್ಕೆ. ಹಳ್ಳಕ್ಕೂ ಹಾಗೇ ಕೋಡಿ ಬೀಳುವ ವರ್ಷದ ಅಳತೆ ಬೇಕು.

ಹಾಗಾದ್ರೆ ಸೈಟು ತಗೊಳ್ಳೋರು ಏನು ಮಾಡಬೇಕು?

• ಗ್ರಾಮ ನಕಾಶೆ ತೆಗೆಸಿ, ಹಳ್ಳದ ಗೆರೆ ಎಲ್ಲಿದೆ ನೋಡಿ. ದಿಶಾಂಕ್ ಆ್ಯಪ್‌ನಲ್ಲಿ ನಿಂತಲ್ಲೇ ಸರ್ವೆ ನಂಬರ್ ಸಿಗುತ್ತದೆ.
• ಪಹಣಿಯಲ್ಲಿ ‘ಬಿ’ ಖರಾಬು ಇದೆಯಾ ನೋಡಿ. ಹಳ್ಳ, ದಾರಿಯಂಥ ಸಾರ್ವಜನಿಕ ಜಾಗ ಅದರಲ್ಲಿ ಬರುತ್ತದೆ.
• ಮೇಲಿನ ಕೆರೆಯ ಕೋಡಿ ನೀರು ಯಾವ ಕಡೆ ಹೋಗುತ್ತೆ ಅಂತ ಊರಿನ ಹಿರಿಯರನ್ನು ಕೇಳಿ.
• ಕೆಳಗಡೆಯ ಮೋರಿ ನಡೆದು ಹೋಗಿ ನೋಡಿ.

ನಾವು ನೋಡಿದ್ದರಲ್ಲಿ ಒಂದು ಸೈಟಿನ ರೇಟು ಕಮ್ಮಿ ಇತ್ತು. ನಕಾಶೆಯಲ್ಲಿ ಹಳ್ಳದ ಗೆರೆ ಅದರ ಮೂಲೆ ಮೇಲೇ ಹೋಗಿತ್ತು. ಬಿಟ್ಟೆವು.

ಆದರೆ ನಾವು ಬಿಟ್ಟರೆ ಇನ್ನೊಬ್ಬರು ಕೊಳ್ಳುತ್ತಾರೆ. ಅದಕ್ಕೇ ಬಡಾವಣೆಯ ನಕ್ಷೆ ಬರೆಯುವಾಗಲೇ ಹಳ್ಳವನ್ನು ಮೊದಲು ಗುರುತಿಸಬೇಕು. ಹೇಗೂ ಪಾರ್ಕಿಗೆ ಜಾಗ ಬಿಡಲೇಬೇಕಲ್ಲ, ಅದನ್ನು ಹಳ್ಳದ ದಂಡೆಗೇ ಬಿಡಲಿ. ಒಣ ವರ್ಷ ಅಲ್ಲಿ ಮಕ್ಕಳು ಆಡಲಿ, ಕೋಡಿ ಬಿದ್ದ ವರ್ಷ ನೀರು ಹರಿಯಲಿ. ದೊಡ್ಡ ಊರುಗಳಿಗೆ ಈಗ ಮನೆ ಒಡೆದು ಮಾಡಬೇಕಾದ ಕೆಲಸ, ಕಡೂರಿನಂಥ ಊರುಗಳಿಗೆ ಇನ್ನೂ ಪೆನ್ಸಿಲ್‌ನಲ್ಲೇ ಸಾಧ್ಯ.