ಮೇಲಧಿಕಾರಿ ಇಲ್ಲದ ಮಗ್ಗಕ್ಕೆ ಯಾವ ಪ್ರಶ್ನೆ?

ಕೊಟ್ಟ ಕೆಲಸವನ್ನು ನಮಗೆ ಒಗ್ಗುವಂತೆ ನಾವೇ ತಿದ್ದಿಕೊಳ್ಳುತ್ತೇವಲ್ಲ, ಅದಕ್ಕೆ ಜಾಬ್ ಕ್ರಾಫ್ಟಿಂಗ್ ಅಂತಾರೆ. 2001ರಲ್ಲಿ ಸಂಶೋಧಕರಾದ ಏಮಿ ರೆಜ್ನೆಸ್ಕಿ, ಜೇನ್ ಡಟನ್ ಕೊಟ್ಟ ಹೆಸರು. ಅದನ್ನು ಅಳೆಯಲು 2012ರಲ್ಲಿ ಮರಿಯಾ ಟಿಮ್ಸ್ ಮತ್ತು ಸಂಗಡಿಗರು 21 ಹೇಳಿಕೆಗಳ ಪ್ರಶ್ನಾವಳಿ ಮಾಡಿದರು.

ಆ ಪ್ರಶ್ನಾವಳಿ ಬೇರೆ ಯಾವ ಭಾಷೆಗೆ ಹೋಗಲಿ, ಕನ್ನಡಕ್ಕೆ ಬರಲಿ, ಕಷ್ಟ ಒಂದೇ: ಮಾತು ದಾಟಿದರೂ, ಅದು ಊಹಿಸಿಕೊಂಡ ಕೆಲಸದ ಜಾಗ ಅಲ್ಲಿ ಇರಬೇಕೆಂದಿಲ್ಲ.

ಉದಾಹರಣೆಗೆ ತಮಿಳುನಾಡಿನ ಮಡತ್ತುಕುಳಂ ಸೀಮೆಗೆ ಬನ್ನಿ. ಅದಿರುವ ತಿರುಪ್ಪೂರು ಜಿಲ್ಲೆಯಲ್ಲೂ ಪಕ್ಕದ ಕೊಯಮತ್ತೂರು ಜಿಲ್ಲೆಯಲ್ಲೂ ಕನ್ನಡ ಮನೆಮಾತಿನ ದೇವಾಂಗ ನೇಕಾರರಿದ್ದಾರೆ. ಪ್ರಶ್ನಾವಳಿಯ ಧಾಟಿಯಲ್ಲಿ ಅವರನ್ನು ‘ಮೇಲಧಿಕಾರಿಯಿಂದ ಕಲಿಯುತ್ತೀರಾ?’ ಅಂತ ಕೇಳಿದರೆ, ಮನೆಯ ಮಗ್ಗದಲ್ಲಿ ಕೂತವರು ಯಾರನ್ನು ನೆನೆಯಬೇಕು? ನೂಲು ಕೊಟ್ಟು ಸೀರೆ ಒಯ್ಯುವ ಯಜಮಾನರನ್ನೋ, ಸೊಸೈಟಿಯವರನ್ನೋ, ಲಾಳಿ ಹಿಡಿಯಲು ಕಲಿಸಿದ ಅಪ್ಪನನ್ನೋ? ಮೂವರಲ್ಲಿ ಯಾರನ್ನು ನೆನೆದರೂ ಒಂದೇ ಉತ್ತರ ಸಿಗಲ್ಲ.

ಪ್ರಶ್ನಾವಳಿಯನ್ನು ಅನುವಾದಿಸಿ, ಬೇರೊಬ್ಬರಿಂದ ಮತ್ತೆ ಮೂಲ ಭಾಷೆಗೆ ತಿರುಗಿಸಿ ತಾಳೆ ನೋಡುವುದು ರೂಢಿ. ಅದು ಬೇಕೇ ಬೇಕು, ಆದರೆ ಸಾಲದು. ವಾಕ್ಯ ತಾಳೆಯಾದರೂ ಆ ಮೇಲಧಿಕಾರಿ ಈ ಮನೆಯಲ್ಲಿಲ್ಲ! ನೇಕಾರರ ಪಕ್ಕ ಕೂತು, ಪ್ರಶ್ನೆ ಕೇಳಿದಾಗ ಮನಸ್ಸಿಗೆ ಯಾರು ಬಂದರು, ಯಾವ ಕೆಲಸ ಬಂತು ಅಂತ ವಿಚಾರಿಸಬೇಕು.

ಇನ್ನೊಂದು ಮುಖ್ಯ ವಿಷಯ. ಇಲ್ಲಿ ಎಷ್ಟೋ ಜನ ಶಾಲೆಯಲ್ಲಿ ಕಲಿತದ್ದು ತಮಿಳು. ಕನ್ನಡ ಆಡುತ್ತಾರೆ, ಓದಲು ಬಾರದು. ಅಂಥವರ ಕೈಗೆ ಕನ್ನಡದ ಹಾಳೆ ಕೊಟ್ಟು ಪ್ರಯೋಜನವಿಲ್ಲ; ಅವರಾಡುವ ಕನ್ನಡದಲ್ಲೇ ಕೇಳಿ, ಉತ್ತರ ನೀವೇ ಬರೆದುಕೊಳ್ಳಿ.