ಹೊಸ ಮೋಟಾರು ದೋಣಿಯೋ, ಹಳೆಯದೋ?

ಕೊಂಕಲ್, ಶಹಾಪುರ, ಸುರಪುರ ಸೀಮೆಯವರಿಗೆ ಕೃಷ್ಣೆಯ ನೆರೆ ಹೊಸದಲ್ಲ. ೨೦೧೯ರ ಆಗಸ್ಟಿನಲ್ಲಿ ನಾರಾಯಣಪುರದ ಬಸವಸಾಗರದಿಂದ ನೀರು ಬಿಟ್ಟಾಗ ನೀಲಕಂಠರಾಯನಗಡ್ಡಿಯ ಸಂಪರ್ಕವೇ ಕಡಿದುಹೋಯಿತು. ಅಂಥ ಸೆಳವಿಗೆ ಹರಿಗೋಲು ಸಾಲದು. ಬಲವಾದ ಮೋಟಾರು ದೋಣಿಯೇ ಬೇಕು. ನಿಮ್ಮ ಊರಿನ ಸಂಘವೋ ಪಂಚಾಯಿತಿಯೋ ಅದನ್ನು ಕೊಳ್ಳಹೊರಟರೆ, ಅರ್ಧ ಬೆಲೆಗೆ ಹಳೆಯದನ್ನು ಕೊಡುವೆವೆನ್ನುವವರು ಸಿಕ್ಕಿಯೇ ಸಿಗುತ್ತಾರೆ.

ಹಳೆಯದೆಂದೊಡನೆ ಬೇಡವೆನ್ನಬೇಕಾಗಿಲ್ಲ. ಹೊಸ ದೋಣಿಯ ಬೆಲೆ ಬಹಳವಾಗಿ ಇಳಿಯುವುದು ಮೊದಲ ವರ್ಷಗಳಲ್ಲೇ. ಆ ನಷ್ಟ ಮೊದಲ ಒಡೆಯನ ಪಾಲಿನದು. ಆದರೆ ಎಂಜಿನ್ನು ಎಲ್ಲಿ ದುಡಿದದ್ದೆಂದು ಕೇಳಿರಿ. ಮಲ್ಪೆ, ಕಾರವಾರಗಳ ಕಡಲಿನಲ್ಲಿ ಓಡಿದ್ದಾದರೆ, ಅದನ್ನು ತಂಪಾಗಿಡುವ ನೀರಿನ ದಾರಿಗಳನ್ನು ಉಪ್ಪು ತಿಂದಿರಬಹುದು. ಮೇಲೆ ಬಳಿದ ಬಣ್ಣ ಅದನ್ನು ಹೇಳೀತೆ? ಗೇರಿನ ಎಣ್ಣೆ ಹಾಲಿನಂತೆ ಬೆಳ್ಳಗಾಗಿದ್ದರೆ ಒಳಗೆ ನೀರು ಹೊಕ್ಕಿದೆಯೆಂದೇ ಅರ್ಥ.

ಸಿಲಿಂಡರುಗಳ ಒತ್ತಡವನ್ನು ಮೆಕ್ಯಾನಿಕ್ಕಿನಿಂದ ಅಳೆಯಿಸಿರಿ. ಒಂದಕ್ಕೂ ಇನ್ನೊಂದಕ್ಕೂ ನೂರಕ್ಕೆ ಹತ್ತಕ್ಕಿಂತ ಹೆಚ್ಚು ಅಂತರವಿದ್ದರೆ ಚೌಕಾಶಿಗೇ ಕೂರಬೇಡಿ. ಸವೆದ ಎಂಜಿನ್ನೂ ನಿಂತ ಕೆರೆಯಲ್ಲಿ, ಒಬ್ಬನನ್ನೇ ಹೊತ್ತು, ಚೆನ್ನಾಗಿಯೇ ಓಡೀತು. ಮಾರುವವರು ತೋರಿಸುವುದೂ ಅದನ್ನೇ! ಹೊಳೆಯ ಲೆಕ್ಕ ಬೇರೆ. ಗಂಟೆಗೆ ೧೫ ಕಿಲೋಮೀಟರು ಓಡುವ ದೋಣಿ ೧೦ ಕಿಲೋಮೀಟರಿನ ಸೆಳವಿಗೆ ಎದುರಾದರೆ, ಮುಂದೆ ಸಾಗುವುದು ೫ ಕಿಲೋಮೀಟರು ಮಾತ್ರ. ದೋಣಿಯ ವೇಗ ಮೂರರಲ್ಲೊಂದು ಪಾಲು ಕುಗ್ಗಿತೋ, ಅದು ನಿಂತಲ್ಲೇ ನಿಲ್ಲುತ್ತದೆ, ಜನರನ್ನು ಹೊತ್ತುಕೊಂಡು.

ಆದ್ದರಿಂದ ಮಂದಿಯ ತೂಕಕ್ಕೆ ಸಮನಾಗಿ ಮರಳಿನ ಚೀಲ ಹೇರಿ, ನೆರೆಯಿಲ್ಲದ ದಿನ, ಹರಿವಿಗೆ ಎದುರಾಗಿ ಅರ್ಧ ಗಂಟೆ ಓಡಿಸಿ ನೋಡಿರಿ. ಗೆದ್ದರೆ ಹಳೆಯದನ್ನೇ ಕೊಳ್ಳಿರಿ; ಉಳಿದ ಹಣದಲ್ಲಿ ಮೊದಲು ಬರಬೇಕಾದ್ದು ಲೈಫ್ ಜಾಕೆಟುಗಳು.